ನೋವಿಲ್ಲದ ಬುದ್ಧಿಹಲ್ಲು ತೆಗೆಸ್ಬೇಕಾ? ನೆಟ್‌ನಲ್ಲಿ ಒಂದೊಂದು ಕಡೆ ಒಂದೊಂದು ಥರ ಉಂಟು, ಡಾಕ್ಟ್ರತ್ರ ಎಂತ ಕೇಳುದು?

ಕಾಪು_ಸ್ಯಾಕ್ಸ್:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗ್ತದೆ, ಆದ್ರೂ ಓದಿ ಹೇಳಿ. ನಂಗೆ 26 ವರ್ಷ, ಕಾಪು ಹತ್ರ ಮನೆ, ಹಗಲು ಉಡುಪಿಯಲ್ಲಿ ಕೆಲ್ಸ, ಸೀಸನ್‌ನಲ್ಲಿ ಸ್ಯಾಕ್ಸೋಫೋನ್ ಸೆಟ್ಟಿನ ಒಟ್ಟಿಗೆ ಮದುವೆ, ನೇಮ, ಜಾತ್ರೆ ಅಂತ ನುಡಿಸ್ಲಿಕ್ಕೆ ಹೋಗ್ತೇನೆ. ಮೊನ್ನೆ ಹಲ್ಲು ಕ್ಲೀನ್ ಮಾಡಿಸುವ ಅಂತ ಒಂದು ಕ್ಲಿನಿಕ್‌ಗೆ ಹೋದದ್ದು, ಅಲ್ಲಿ ಇಡೀ ದವಡೆ ಕಾಣುವ ಓಪಿಜಿ ಎಕ್ಸ್‌ರೇ ತೆಗ್ದು ನೋಡಿ ನಾಲ್ಕು ಬುದ್ಧಿಹಲ್ಲೂ ತೆಗೆಸಿಬಿಡಿ, ಕೆಳಗಿನದ್ದು ಎರಡೂ ಓರೆಯಾಗಿ ಮಲಗಿದೆ, ಮುಂದೆ ತೊಂದ್ರೆ ಅಂದ್ರು. ಎಂತ ತೊಂದ್ರೆ ಅಂತ ನಾನು ಕೇಳುವಷ್ಟರಲ್ಲಿ ಹೊರಗೆ ರಿಸೆಪ್ಶನ್‌ನಲ್ಲಿ ಡೇಟ್ ಬರೀತಾ ಇದ್ರು.

ಈಗ ನಂಗೆ ಎಲ್ಲಿಯೂ ನೋವು ಇಲ್ಲ. ಬಲಗಡೆ ಕೆಳಗೆ ಮಾತ್ರ ಹೋದ ವರ್ಷ ಮಳೆಗಾಲದಲ್ಲಿ ಒಮ್ಮೆ ಒಸಡು ಊದಿ ಬಾಯಿ ತೆರಿಲಿಕ್ಕೆ ಆಗ್ತಾ ಇರ್ಲಿಲ್ಲ, ಈ ಸಲ ಶಿವರಾತ್ರಿ ಹೊತ್ತಿಗೆ ಮತ್ತೊಮ್ಮೆ ಹಾಗೆಯೇ ಆಯ್ತು, ಮಾತ್ರೆ ತಗೊಂಡು ಉಪ್ಪುನೀರು ಮುಕ್ಕಳಿಸಿ ಕಡಿಮೆ ಆಯ್ತು. ಉಳಿದ ಮೂರು ಹಲ್ಲು ಅಲ್ಲಿ ಉಂಟು ಅಂತಲೇ ನಂಗೆ ಗೊತ್ತಿರ್ಲಿಲ್ಲ.

ರಾತ್ರಿ ಕೂತು ನೆಟ್ ನೋಡಿದೆ, ನೋಡಿದಷ್ಟು ತಲೆ ಕೆಟ್ಟೋಯ್ತು. ಅಮೆರಿಕದ ಒಂದು ಪೇಜ್‌ನಲ್ಲಿ ಹದಿನೆಂಟು ಇಪ್ಪತ್ತರ ಒಳಗೆ ತೆಗೆಸಿದ್ರೆ ಒಳ್ಳೇದು ಅಂತ ಉಂಟು, ಇಂಗ್ಲೆಂಡಿನದ್ದರಲ್ಲಿ ತೊಂದ್ರೆ ಕೊಡದ ಹಲ್ಲನ್ನು ಮುಟ್ಲಿಕ್ಕೇ ಹೋಗ್ಬೇಡಿ ಅಂತ. ಇಲ್ಲಿನ ಕ್ಲಿನಿಕ್‌ಗಳ ಪೇಜ್ ತೆಗೆದ್ರೆ ನೋವಿಲ್ಲದೆ ಅರ್ಧ ಗಂಟೆಯಲ್ಲಿ ಮುಗೀತದೆ, ಕೆಳಗೆ ಅಪಾಯಿಂಟ್‌ಮೆಂಟ್ ಬಟನ್. ಕನ್ನಡದಲ್ಲಿ ಹುಡುಕಿದ್ರೆ ಲವಂಗದ ಎಣ್ಣೆ ಬಿಟ್ಟು ಬೇರೆ ಎಂತದೂ ಸಿಗುದಿಲ್ಲ. ಅತ್ತೆ ವಾಟ್ಸಾಪ್‌ನಲ್ಲಿ ಮೇಲಿನ ಹಲ್ಲು ತೆಗೆದ್ರೆ ಕಣ್ಣಿಗೆ ಪೆಟ್ಟು ಅಂತ ಕಳ್ಸಿದ್ದಾರೆ. ಅಪ್ಪ ಹೇಳುದು ಡಾಕ್ಟ್ರು ಹೇಳಿದ ಮೇಲೆ ಮತ್ತೆ ಎಂತದು ವಿಚಾರಿಸ್ಲಿಕ್ಕೆ ಅಂತ.

ನನ್ನ ದೊಡ್ಡ ಹೆದರಿಕೆ ಬೇರೆ. ಕೆಳಗಿನ ಹಲ್ಲಿನ ಬುಡದಲ್ಲಿ ನರ ಉಂಟು, ಅದಕ್ಕೆ ತಾಗಿದ್ರೆ ಕೆಳತುಟಿ ಜೋಮು ಹಿಡೀತದೆ ಅಂತ ಓದಿದೆ. ನಾವು ಸ್ಯಾಕ್ಸೋಫೋನಿನ ರೀಡ್ (ಊದುವ ಕಡೆ ಇರುವ ತೆಳು ಪಟ್ಟಿ) ಹಿಡಿಯುದೇ ಕೆಳತುಟಿಯ ಮೇಲೆ, ತುಟಿಯನ್ನು ಕೆಳಹಲ್ಲಿನ ಮೇಲೆ ಸ್ವಲ್ಪ ಒಳಗೆ ಮಡಚಿ ಅದರ ಮೇಲೆ ರೀಡ್ ಕೂರಿಸ್ಬೇಕು, ಎಷ್ಟು ಒತ್ತುದು ಎಷ್ಟು ಬಿಡುದು ಅಂತ ಗೊತ್ತಾಗುದೇ ತುಟಿಯಲ್ಲಿ. ಅಲ್ಲಿ ಸ್ಪರ್ಶ ಹೋದ್ರೆ ನನ್ನ ಸ್ವರ ಹೋಯ್ತು. ಇದನ್ನು ಆ ಡಾಕ್ಟ್ರು ಕೇಳ್ಲಿಲ್ಲ, ಹೇಳುವಷ್ಟು ಸಮಯವೂ ಸಿಗ್ಲಿಲ್ಲ.

ನಾಲ್ಕೂ ತೆಗೆಸ್ಬೇಕಾ? ಯಾವುದನ್ನು ನಂಬುದು? ಅವರಿಗೆ ಬೇಜಾರಾಗದ ಹಾಗೆ ಕೇಳುದು ಹೇಗೆ?

ದವಡೆ_ಡಾಕ್ಟರ್ (ಮಂಗಳೂರು):

ನಾನು ಓರಲ್ ಸರ್ಜನ್, ಮಂಗಳೂರಲ್ಲಿ ಪ್ರಾಕ್ಟೀಸ್. ನಿಮ್ಮ ಎಕ್ಸ್‌ರೇ ನೋಡದೆ ತೆಗೆಸಿ ಅಂತಲೂ ಬೇಡ ಅಂತಲೂ ಹೇಳ್ಲಿಕ್ಕೆ ಆಗುದಿಲ್ಲ, ಆದ್ರೆ ಯೋಚನೆ ಮಾಡುದು ಹೇಗೆ ಅಂತ ಹೇಳ್ತೇನೆ.

ನಾಲ್ಕು ಹಲ್ಲು ಅಂದ್ರೆ ನಾಲ್ಕು ಬೇರೆ ಬೇರೆ ನಿರ್ಧಾರ. ಒಂದು ಮಾತಲ್ಲಿ ನಾಲ್ಕನ್ನೂ ತೆಗೀಬೇಕು ಅಂತ ಹೇಳ್ಬೇಕಾದ್ರೆ ನಾಲ್ಕಕ್ಕೂ ಅದರದ್ದೇ ಕಾರಣ ಬೇಕು, ಅದನ್ನು ಕೇಳುದು ನಿಮ್ಮ ಹಕ್ಕು. ಬಲಗಡೆ ನಿಮಗೆ ಆದದ್ದು ಪೆರಿಕೊರೊನೈಟಿಸ್ ಇರ್ಬೇಕು. ಹಲ್ಲು ಅರ್ಧ ಮಾತ್ರ ಹೊರಗೆ ಬಂದಿರ್ತದೆ, ಮೇಲೆ ಒಸಡಿನ ಒಂದು ಪದರ ಮುಚ್ಚಿಕೊಂಡಿರ್ತದೆ, ಅದರ ಅಡಿಗೆ ಅನ್ನದ ಅಗುಳು ಹೋಗಿ ಕೂತು ಬ್ಯಾಕ್ಟೀರಿಯಾ ಬೆಳೆದು ಊದುದು, ಜೋರಾದ್ರೆ ದವಡೆಯ ಸ್ನಾಯು ಬಿಗಿದು ಬಾಯಿ ತೆರಿಲಿಕ್ಕೆ ಆಗುದಿಲ್ಲ. ಬ್ರಷ್ ಅಲ್ಲಿಗೆ ತಲುಪುದಿಲ್ಲ, ಹಾಗಾಗಿ ತಿರುಗಿ ಬರ್ತದೆ.

ಈಗ ಆ ಇಂಗ್ಲೆಂಡಿನ ಪೇಜ್ ವಿಷಯ. ಅಲ್ಲಿನ ಸರಕಾರಿ ಆರೋಗ್ಯ ಸೇವೆಗೆ ಸಲಹೆ ಕೊಡುವ ನೈಸ್ ಅಂತ ಸಂಸ್ಥೆ ಉಂಟು, ಅವರು 2000ನೇ ಇಸವಿಯಲ್ಲಿ ರೋಗ ಇಲ್ಲದ, ಸಿಕ್ಕಿಕೊಂಡ ಬುದ್ಧಿಹಲ್ಲನ್ನು ಮುಂಜಾಗ್ರತೆಗೆ ಅಂತ ತೆಗೆಯುದನ್ನು ನಿಲ್ಲಿಸಿ ಅಂದ್ರು. ಇದು ಎಲ್ಲ ಕಡೆ ಬರ್ತದೆ. ಆದ್ರೆ ಅದೇ ಸಲಹೆಯಲ್ಲಿ ಇನ್ನೊಂದು ಮಾತು ಉಂಟು, ಪೆರಿಕೊರೊನೈಟಿಸ್ ಮೊದಲ ಸಲ ಬಂದು ತುಂಬಾ ಜೋರಿಲ್ಲದಿದ್ರೆ ಅದೊಂದೇ ಕಾರಣಕ್ಕೆ ತೆಗೀಬೇಡಿ, ಎರಡನೇ ಸಲ ಬಂದ್ರೆ ತೆಗೆಯುದನ್ನು ಯೋಚಿಸಿ ಅಂತ. ನೀವು ಓದಿದ "ಮುಟ್ಬೇಡಿ" ಅನ್ನುವ ಪೇಜ್ ನಿಮ್ಮ ಬಲಗಡೆ ಹಲ್ಲಿಗೆ ತೆಗೆಸುದು ಸರಿ ಇರ್ಬಹುದು ಅಂತಲೇ ಹೇಳುದು, ಎಡಗಡೆಗೆ ಹಾಗೆ ಹೇಳುದಿಲ್ಲ. ನೆಟ್‌ನ ಮಾಹಿತಿ ಸುಳ್ಳಲ್ಲ, ಅದು ಯಾವ ಹಲ್ಲಿನ ವಿಷಯ ಅಂತ ನೋಡ್ದೆ ಓದಿದ್ರೆ ಗೊಂದಲ.

ಸುಮ್ನೆ ಬಿಟ್ರೆ ಏನೂ ಆಗುದಿಲ್ಲ ಅಂತಲೂ ಅಲ್ಲ. ಕೆಳಗಿನ ಹಲ್ಲು ಮುಂದಕ್ಕೆ ವಾಲಿ ಪಕ್ಕದ ದವಡೆ ಹಲ್ಲಿಗೆ, ಅಂದ್ರೆ ಏಳನೇ ಹಲ್ಲಿಗೆ ಒರಗಿದ್ರೆ ಆ ಸಂದಿನಲ್ಲಿ ಆಹಾರ ನಿಂತು ಏಳನೇ ಹಲ್ಲಿನ ಹಿಂಬದಿ ಹುಳುಕು ಹಿಡೀತದೆ, ಕನ್ನಡಿಯಲ್ಲಿ ಕಾಣುದಿಲ್ಲ, ನೋವು ಬರುವಾಗ ತಡವಾಗಿರ್ತದೆ. ಏಳನೆಯದ್ದು ಅಗಿಲಿಕ್ಕೆ ಬೇಕಾದ ಹಲ್ಲು, ಬುದ್ಧಿಹಲ್ಲನ್ನು ಉಳಿಸ್ಲಿಕ್ಕೆ ಹೋಗಿ ಅದನ್ನು ಕಳಕೊಂಡವರನ್ನು ನಾನು ನೋಡ್ತಾ ಇರ್ತೇನೆ. ಇಂಗ್ಲೆಂಡಿನಲ್ಲಿಯೂ ಆ ಸಲಹೆ ಬಂದ ನಂತರದ ಹತ್ತು ವರ್ಷದಲ್ಲಿ ಬುದ್ಧಿಹಲ್ಲು ತೆಗೆಸುವವರ ಸರಾಸರಿ ವಯಸ್ಸು 25ರಿಂದ 32ಕ್ಕೆ ಹೋಯ್ತು, ಹುಳುಕಿನ ಕಾರಣಕ್ಕೆ ತೆಗೆಸುವವರೂ ಜಾಸ್ತಿ ಆದ್ರು. ವಯಸ್ಸಾದ ಹಾಗೆ ಮೂಳೆ ಗಟ್ಟಿಯಾಗ್ತದೆ, ಗುಣ ಆಗ್ಲಿಕ್ಕೂ ನಿಧಾನ. ಇನ್ನೊಂದು ಕಡೆ, ಪ್ರಪಂಚದ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡುವ ಕೊಕ್ರೇನ್ ಗುಂಪು 2020ರಲ್ಲಿ ಹೇಳಿದ್ದು, ರೋಗ ಇಲ್ಲದ ಹಲ್ಲನ್ನು ತೆಗೀಬೇಕು ಅಥವಾ ಬಿಡ್ಬೇಕು ಅಂತ ಹೇಳ್ಲಿಕ್ಕೆ ಸಾಕಷ್ಟು ಪುರಾವೆ ಇಲ್ಲ, ಬಿಟ್ರೆ ಆಗಾಗ ಪರೀಕ್ಷೆ ಮಾಡಿಸ್ತಾ ಇರಿ, ಪೇಷೆಂಟಿನ ಇಷ್ಟವನ್ನೂ ಕೇಳಿ ಅಂತ. ಇಂಥ ಕಡೆಯಲ್ಲೇ ಡಾಕ್ಟರೂ ಪೇಷೆಂಟೂ ಕೂತು ಮಾತಾಡ್ಬೇಕಾದ್ದು. ನೋವಿದ್ದು ಕೀವು ತುಂಬಿದ್ರೆ ಮಾತಾಡ್ಲಿಕ್ಕೆ ಅಷ್ಟು ಇರುದಿಲ್ಲ.

ಕಣ್ಣಿನ ವಿಷಯ ಬಿಟ್ಟುಬಿಡಿ, ಹಲ್ಲು ತೆಗೆದದ್ದಕ್ಕೂ ದೃಷ್ಟಿಗೂ ಸಂಬಂಧ ಇಲ್ಲ. ಮುಂದಿನ ಹಲ್ಲು ಓರೆಕೋರೆ ಆಗ್ತದೆ ಅಂತ ಯಾರಾದ್ರೂ ತೆಗೆಸ್ಲಿಕ್ಕೆ ಹೇಳಿದ್ರೆ ಅದಕ್ಕೂ ಅಧ್ಯಯನಗಳ ಆಧಾರ ಇಲ್ಲ.

ನರದ ವಿಷಯ ಸಂಜೆ ಬರೀತೇನೆ, ಈಗ ಒಪಿಡಿ ಉಂಟು.

ಬಿಜೈ_ಅಕ್ಕ:

ತಮ್ಮಾ, ನಾನು ನನ್ನ ಮಗಳಿಗೆ ಕೆಳಗಿನ ಒಂದು ಹಲ್ಲು ತೆಗೆಸಿದ್ದು, ಡಿಗ್ರಿ ಓದುವಾಗ. ತೆಗೆದದ್ದು ಚೆಂದ ಮಾಡಿ ತೆಗೆದ್ರು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಮನೆಗೆ ಬಂದ ಮೇಲೆ ಎಂತ ಆಗ್ತದೆ ಅಂತ ನಮಗೆ ಮೊದ್ಲೇ ಯಾರೂ ಬಾಯಿಬಿಟ್ಟು ಹೇಳ್ಲಿಲ್ಲ, ಒಂದು ಇಂಗ್ಲಿಷ್ ಚೀಟಿ ಕೊಟ್ರು ಅಷ್ಟೆ. ಮಗಳು ಬಾಯಲ್ಲಿ ಹತ್ತಿ ಕಚ್ಚಿಕೊಂಡು ಕೂತಿದ್ದಾಳೆ, ಓದಿ ಹೇಳ್ಲಿಕ್ಕೆ ಆಗುದಿಲ್ಲ, ನೋಡಿಕೊಳ್ಳುದು ನನ್ನ ಅತ್ತೆ, ಅವರಿಗೆ ಇಂಗ್ಲಿಷ್ ಬರುದಿಲ್ಲ. ರಕ್ತ ಬರ್ತದೆ ಅಂತ ಅತ್ತೆ ಆಗಾಗ ಉಗುಳ್ಲಿಕ್ಕೆ ಹೇಳಿದ್ರು, ಮಾಡ್ಬಾರ್ದಾದ್ದು ಅದೇ ಅಂತೆ, ಉಗುಳಿದ್ರೆ ಗುಂಡಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಬರ್ತದೆ. ನಾಲ್ಕನೇ ದಿನಕ್ಕೆ ಕಿವಿವರೆಗೆ ಹೊಡೀತದೆ ಅಂತ ಅಳ್ಲಿಕ್ಕೆ ಸುರು, ಬಾಯಿ ಒಂಥರಾ ವಾಸನೆ. ಹೋಗಿ ತೋರ್ಸಿದ್ದಕ್ಕೆ ಡ್ರೈ ಸಾಕೆಟ್, ಅಂದ್ರೆ ಹೆಪ್ಪು ಹೋಗಿ ಗುಂಡಿ ಖಾಲಿ ಬಿದ್ದದ್ದು ಅಂದ್ರು, ತೊಳೆದು ಲವಂಗದ ವಾಸನೆ ಬರುವ ಮದ್ದು ತುಂಬಿಸಿದ್ರು, ಅವತ್ತು ರಾತ್ರಿಯೇ ನಿದ್ದೆ ಬಂತು.

ಹಾಗೆ ನಾನು ಹೇಳುದು, ತೆಗೆಸುವ ಮೊದ್ಲೇ ನಂತ್ರದ್ದು ಕೇಳಿಕೊಳ್ಳಿ, ಕನ್ನಡದಲ್ಲಿ ಅಥವಾ ತುಳುವಿನಲ್ಲಿ ಮನೆಯವರ ಎದುರು ಹೇಳ್ಲಿಕ್ಕೆ ಹೇಳಿ. ನಮಗೆ ಆಮೇಲೆ ಗೊತ್ತಾದದ್ದು ಬರೀತೇನೆ. ಹತ್ತಿಯನ್ನು ಮುಕ್ಕಾಲು ಗಂಟೆ ಗಟ್ಟಿ ಕಚ್ಚಿ ಹಿಡೀಬೇಕು, ಎಂಜಲು ನುಂಗ್ಬೇಕು. ಅವತ್ತು ಬಾಯಿ ಮುಕ್ಕಳಿಸ್ಲಿಕ್ಕಿಲ್ಲ, ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು, ಅದೂ ಮೆಲ್ಲ. ಬೊಂಡ ಕುಡೀಬಹುದು ಆದ್ರೆ ಸ್ಟ್ರಾ ಹಾಕಿ ಎಳೀಲಿಕ್ಕಿಲ್ಲ, ಲೋಟಕ್ಕೆ ಹಾಕಿ ಕುಡಿಯಿರಿ. ಮೊದಲ ದಿನ ಕೆನ್ನೆಗೆ ಹೊರಗಿನಿಂದ ಐಸ್. ಮುಖ ಎರಡನೇ ಮೂರನೇ ದಿನಕ್ಕೆ ಜಾಸ್ತಿ ಊದುದು, ಅದು ನೋಡಿ ಹೆದರ್ಲಿಕ್ಕಿಲ್ಲ, ಆಮೇಲೆ ಇಳೀಬೇಕು, ಇಳಿಯದೆ ಜ್ವರ ಬಂದ್ರೆ ಅಥವಾ ನುಂಗ್ಲಿಕ್ಕೆ ಕಷ್ಟ ಆದ್ರೆ ಆಗಲೇ ಹೋಗ್ಬೇಕು. ಊಟಕ್ಕೆ ಕುಚ್ಚಲಕ್ಕಿ ಗಂಜಿಯ ತೆಳಿ ತಣಿಸಿ, ಎರಡು ದಿನ ಕಳೆದು ಗಂಜಿಯನ್ನೇ ಚೆನ್ನಾಗಿ ಹಿಚುಕಿ. ಉಪ್ಪಿನಕಾಯಿ ಬೇಡ, ಬಂಗುಡೆ ಸಾರು ಬೇಡ, ಖಾರ ಗಾಯಕ್ಕೆ ತಾಗಿದ್ರೆ ಜೀವ ಹೋಗ್ತದೆ. ಬೀಡಿ ಸಿಗರೇಟು ಅಭ್ಯಾಸ ಇದ್ರೆ ಬಿಡ್ಲೇಬೇಕು, ಡ್ರೈ ಸಾಕೆಟ್ ಅಂಥವರಿಗೇ ಜಾಸ್ತಿ ಅಂತೆ.

ಕಾರ್ಕಳ_ಶೆಟ್ರು:

ನಂದು ಉಲ್ಟಾ ಕತೆ, ಬಿಟ್ಟದ್ದು. ಮೇಲಿನ ಎರಡು ನೇರ ಬಂದಿದೆ, ಕೆಳಗಿನದ್ದು ಪೂರ್ತಿ ಮೂಳೆಯ ಒಳಗೆ ಉಂಟು, ಬಾಯಿಗೆ ಸಂಪರ್ಕವೇ ಇಲ್ಲ, ಬೇರು ನರದ ಹತ್ರ. ನನ್ನ ಡಾಕ್ಟ್ರು ಫಿಲ್ಮ್ ಲೈಟಿಗೆ ಹಿಡಿದು ಎರಡೂ ಕಡೆ ತೋರ್ಸಿ, ತೆಗೆದ್ರೆ ಹೀಗೆ, ಬಿಟ್ರೆ ಹೀಗೆ, ನಿಮಗೆ ಎಂತ ಅನ್ನಿಸ್ತದೆ ಅಂತ ಕೇಳಿದ್ರು. ನಾನು ಬಿಡುವ ಅಂದೆ. ಬಿಡುದು ಅಂದ್ರೆ ಮರೆಯುದಲ್ಲ ಅಂತ ಅವರು ಹೇಳಿದ್ದು ನಂಗೆ ಇಷ್ಟ ಆಯ್ತು, ಎರಡು ವರ್ಷಕ್ಕೊಮ್ಮೆ ಹೋಗಿ ಎಕ್ಸ್‌ರೇ ತೋರಿಸಿ ಬರ್ತೇನೆ, ಒಳಗೆ ಗಂಟು ಗಿಂಟು ಬೆಳೀತಾ ಉಂಟಾ ಅಂತ ನೋಡ್ಬೇಕಂತೆ.

ನೀವು ಆ ಓಪಿಜಿ ಕಾಪಿ ಕೈಯಲ್ಲಿ ಇಟ್ಕೊಳ್ಳಿ, ದುಡ್ಡು ಕೊಟ್ಟು ತೆಗೆಸಿದ್ದು ನಿಮ್ಮದು. ಮಂಗಳೂರು ಲೈಟ್‌ಹೌಸ್ ಹಿಲ್‌ನಲ್ಲಿ ಡೆಂಟಲ್ ಕಾಲೇಜು ಉಂಟು, ದೇರಳಕಟ್ಟೆಯಲ್ಲಿ ಎರಡು ಉಂಟು, ನಿಮಗೆ ಹತ್ರ ಅಂದ್ರೆ ಮಣಿಪಾಲ. ಯಾವುದಕ್ಕಾದ್ರೂ ಹೋಗಿ ಓರಲ್ ಸರ್ಜರಿ ವಿಭಾಗದಲ್ಲಿ ತೋರ್ಸಿ. ಖರ್ಚು ಕಡಿಮೆ, ಕಾಯ್ಬೇಕು ಮಾತ್ರ. ಕಲಿಯುವ ಮಕ್ಕಳು ನೋಡಿ ಮತ್ತೆ ಅವರ ಪ್ರೊಫೆಸರ್ ನೋಡ್ತಾರೆ, ಹಾಗಾಗಿ ನಮ್ಮೆದುರೇ ಹಲ್ಲಿನ ಚರ್ಚೆ ಆಗ್ತದೆ, ಕೇಳಿಸಿಕೊಂಡ್ರೇ ಅರ್ಧ ಅರ್ಥ ಆಗ್ತದೆ.

ಬ್ರಹ್ಮಾವರ_ಸಿಸ್ಟರ್:

ನಾನು ನರ್ಸ್ ಆಗಿ ತುಂಬಾ ವರ್ಷ ಆಪರೇಷನ್ ಥಿಯೇಟರ್‌ನಲ್ಲಿ ಇದ್ದವಳು, ಈಗ ನಿವೃತ್ತಿ. ಬೇಜಾರಾಗದ ಹಾಗೆ ಕೇಳುದು ಹೇಗೆ ಅಂತ ಬರೆದಿದ್ದೀರಲ್ಲ, ಆ ಪ್ರಶ್ನೆಯೇ ನಂಗೆ ಬೇಸರ ತರಿಸಿತು, ನಿಮ್ಮ ಮೇಲಲ್ಲ, ನಮ್ಮ ಪದ್ಧತಿಯ ಮೇಲೆ. ನಮ್ಮ ಕಡೆ ಪೇಷೆಂಟ್ ಸಹಿ ಹಾಕುದು ಬ್ಯಾಂಕಿನ ಫಾರ್ಮಿಗೆ ಹಾಕಿದ ಹಾಗೆ, ಎಲ್ಲಿ ಹಾಕುದು ಸಿಸ್ಟರ್ ಅಂತ ಕೇಳ್ತಾರೆ, ಎಂತಕ್ಕೆ ಅಂತ ಕೇಳುದಿಲ್ಲ. ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ಸಮೀರಾ ಕೊಹ್ಲಿ ಕೇಸಿನಲ್ಲಿ ಸ್ಪಷ್ಟ ಹೇಳಿದೆ, ಒಪ್ಪಿಗೆ ಅಂದ್ರೆ ಚಿಕಿತ್ಸೆ ಎಂತದು, ಎಂತಕ್ಕೆ, ಅದರಿಂದ ಏನು ಪ್ರಯೋಜನ, ಬೇರೆ ದಾರಿ ಉಂಟಾ, ಮುಖ್ಯ ಅಪಾಯ ಯಾವುದು, ಬೇಡ ಅಂದ್ರೆ ಎಂತ ಆಗ್ತದೆ ಇಷ್ಟನ್ನೂ ಹೇಳಿ ತಗೊಳ್ಬೇಕಾದ್ದು. ಒಂದು ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್‌ಗೆ ಕೊಟ್ಟ ಒಪ್ಪಿಗೆ ಅಲ್ಲ ಅಂತಲೂ ಹೇಳಿದೆ. ಹಾಗಾಗಿ ನೀವು ಕೇಳುದು ಉದ್ಧಟತನ ಅಲ್ಲ, ಅವರು ಹೇಳ್ಬೇಕಾದ್ದನ್ನೇ ಕೇಳುದು.

ಕೋರ್ಟಿನ ಮಾತು ಡಾಕ್ಟ್ರೆದುರು ತೆಗೀಲಿಕ್ಕೆ ಹೋಗ್ಬೇಡಿ, ಅಗತ್ಯ ಇಲ್ಲ. "ಡಾಕ್ಟ್ರೇ, ನಂಗೆ ಸ್ವಲ್ಪ ಎಕ್ಸ್‌ರೇಯಲ್ಲಿ ತೋರ್ಸಿ ಹೇಳ್ತೀರಾ" ಅಂತ ಕೇಳಿ. ತೆಗೆದ್ರೆ ನಂಗೆ ಎಂತ ಉಪಕಾರ, ಎಂತ ಅಪಾಯ, ಬೇರೆ ದಾರಿ ಉಂಟಾ, ಸದ್ಯ ಏನೂ ಮಾಡದಿದ್ರೆ ಎಂತ, ಇದನ್ನು ಒಂದೊಂದು ಹಲ್ಲಿಗೂ ಕೇಳಿ, ಫೋನಲ್ಲಿ ಬರ್ಕೊಂಡು ಹೋಗಿ. ಒಳ್ಳೆ ಡಾಕ್ಟ್ರು ಖುಷಿಯಲ್ಲಿ ಹೇಳ್ತಾರೆ, ಇದು ನಾನು ನೋಡಿ ಹೇಳುದು. ತಂದೆಯವರನ್ನೂ ಕರ್ಕೊಂಡು ಹೋಗಿ, ಅವರಿಗೂ ಕಿವಿಗೆ ಬೀಳ್ಲಿ. ಮತ್ತೆ ನೀವು ಸ್ಯಾಕ್ಸೋಫೋನ್ ನುಡಿಸುದನ್ನು ಮೊದಲ ಮಾತಿಗೇ ಹೇಳ್ಬೇಕು, ಬಿಪಿ, ಶುಗರ್, ರಕ್ತ ತೆಳು ಮಾಡುವ ಮಾತ್ರೆ ಇದ್ರೆ ಹೇಗೆ ಹೇಳ್ಬೇಕೋ ಹಾಗೆ. ಡಾಕ್ಟ್ರಿಗೆ ಹಲ್ಲು ಗೊತ್ತು, ನಿಮ್ಮ ಜೀವನ ಗೊತ್ತಿರುದು ನಿಮಗೆ.

ದವಡೆ_ಡಾಕ್ಟರ್ (ಮಂಗಳೂರು):

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ಸರಿ. ಗಡಿಬಿಡಿಯಲ್ಲಿ ನಾವು ಕೇಳುದಿಲ್ಲ, ಒಂದು ಬೆಳಿಗ್ಗೆಗೆ ಎಷ್ಟೋ ಜನ ಇರ್ತಾರೆ, ಅದು ಕಾರಣ, ಸಮರ್ಥನೆ ಅಲ್ಲ.

ನರದ ವಿಷಯ. ಕೆಳದವಡೆಯ ಮೂಳೆಯ ಒಳಗೆ ಒಂದು ಕಾಲುವೆಯಲ್ಲಿ ನರ ಹೋಗ್ತದೆ, ಕೆಳತುಟಿ ಮತ್ತು ಗಲ್ಲದ ಸ್ಪರ್ಶ ಅದರದ್ದು. ತುಟಿ ಅಲುಗಾಡಿಸುವ ಶಕ್ತಿ ಬೇರೆ ನರದ್ದು, ಅದಕ್ಕೆ ತೊಂದ್ರೆ ಇಲ್ಲ, ಆದ್ರೆ ನಿಮಗೆ ಬೇಕಾದ್ದು ಸ್ಪರ್ಶವೇ. ನಾಲಿಗೆಯ ಕಡೆಯಲ್ಲಿ ಇನ್ನೊಂದು ನರ ಉಂಟು, ಅದಕ್ಕೆ ತಾಗಿದ್ರೆ ಆ ಬದಿಯ ನಾಲಿಗೆ ಜೋಮು, ರುಚಿಯೂ ಹೋಗ್ಬಹುದು. ಜೋಮು ಬಂದವರಲ್ಲಿ ಹೆಚ್ಚಿನವರಿಗೆ ಕೆಲವು ವಾರದಿಂದ ಕೆಲವು ತಿಂಗಳಲ್ಲಿ ಸರಿ ಆಗ್ತದೆ, ಶಾಶ್ವತ ಉಳಿಯುದು ಸಾಮಾನ್ಯ ಕೇಸಿನಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಆದ್ರೆ ಬೇರು ಕಾಲುವೆಗೆ ಅಂಟಿಕೊಂಡಿದ್ರೆ ಈ ಲೆಕ್ಕ ಅನ್ವಯ ಆಗುದಿಲ್ಲ, ಅಪಾಯ ಜಾಸ್ತಿ. ನೆಟ್‌ನಲ್ಲಿ ಸಿಗುದು ಎಲ್ಲರ ಸರಾಸರಿ, ನಿಮಗೆ ಬೇಕಾದ್ದು ನಿಮ್ಮ ಬೇರಿನ ಲೆಕ್ಕ.

ಅದು ಓಪಿಜಿಯಲ್ಲೇ ಸ್ವಲ್ಪ ಗೊತ್ತಾಗ್ತದೆ. ಕಾಲುವೆ ಎರಡು ಬಿಳಿ ಗೆರೆಯ ನಡುವೆ ಕಪ್ಪು ಪಟ್ಟಿಯಾಗಿ ಕಾಣ್ತದೆ. ಬೇರು ದಾಟುವಲ್ಲಿ ಆ ಬಿಳಿ ಗೆರೆ ತುಂಡಾಗಿದ್ರೆ, ಬೇರಿನ ತುದಿ ಅಲ್ಲಿ ಕಪ್ಪಾಗಿ ಕಂಡ್ರೆ, ಕಾಲುವೆಯೇ ಬಗ್ಗಿ ದಾರಿ ಬದಲಿಸಿದ್ರೆ ಜಾಗ್ರತೆ. ಡಾಕ್ಟ್ರತ್ರ ಈ ಮೂರನ್ನು ಬೆರಳಿಟ್ಟು ತೋರ್ಸ್ಲಿಕ್ಕೆ ಹೇಳಿ. ಇದ್ರೆ ಸಿಬಿಸಿಟಿ ಸ್ಕ್ಯಾನ್ ಮಾಡಿಸ್ಬಹುದು, ಅದರಲ್ಲಿ ನರ ಬೇರಿನ ಯಾವ ಬದಿಗೆ ಉಂಟು, ನಡುವೆ ಮೂಳೆ ಉಂಟಾ ಅಂತ ಕಾಣ್ತದೆ. ಎಲ್ಲರಿಗೂ ಆ ಸ್ಕ್ಯಾನ್ ಬೇಡ, ಬೇರು ದೂರ ಇದ್ರೆ ಸುಮ್ನೆ ಖರ್ಚು ಮತ್ತು ರೇಡಿಯೇಷನ್.

ತೀರಾ ಹತ್ರ ಇದ್ರೆ ಕೊರೊನೆಕ್ಟಮಿ ಅಂತ ಒಂದು ದಾರಿ ಉಂಟು, ಹಲ್ಲಿನ ಮೇಲ್ಭಾಗ ಮಾತ್ರ ಕತ್ತರಿಸಿ ತೆಗ್ದು ಬೇರನ್ನು ಅಲ್ಲೇ ಬಿಡುದು. ಹಲ್ಲಿನ ಒಳಗೆ ಸೋಂಕು ಇರ್ಬಾರ್ದು, ಬೇರು ಅಲುಗಾಡ್ಬಾರ್ದು, ಮುಂದೆ ಆ ಬೇರು ಮೇಲೆ ಸರಿದು ಇನ್ನೊಮ್ಮೆ ತೆಗೆಯುವ ಸಂದರ್ಭ ಬರ್ಲೂಬಹುದು. ನಿಮ್ಮ ಥರ ತುಟಿಯಿಂದ ದುಡಿಯುವವರಿಗೆ ಇದು ಕೇಳ್ಲೇಬೇಕಾದ ಪ್ರಶ್ನೆ, ಬೇರೆಯವರಿಗೆ ಅಷ್ಟು ಮುಖ್ಯ ಆಗ್ಲಿಕ್ಕಿಲ್ಲ.

ಮೇಲಿನ ಹಲ್ಲಿನ ಬಗ್ಗೆ ಒಂದು ಮಾತು. ಅದರ ಬೇರಿನ ಮೇಲೆ ಸೈನಸ್, ಅಂದ್ರೆ ಕೆನ್ನೆಯ ಮೂಳೆಯ ಒಳಗೆ ಗಾಳಿ ಇರುವ ಟೊಳ್ಳು ಜಾಗ ಉಂಟು, ತೆಗೆದ ಮೇಲೆ ಬಾಯಿಗೂ ಸೈನಸ್‌ಗೂ ಒಮ್ಮೊಮ್ಮೆ ತೂತು ಆಗ್ತದೆ, ಆಗ ಊದುವ ವಾದ್ಯ ಮುಟ್ಲಿಕ್ಕಿಲ್ಲ. ಸೀಸನ್ ನಡುವೆ ಯಾವ ಹಲ್ಲಿಗೂ ಕೈ ಹಾಕ್ಬೇಡಿ, ಮತ್ತೆ ಊದು ಬಂದ್ರೆ ಮಾತ್ರ ತಡ ಮಾಡದೆ ತೋರ್ಸಿ.

ಕಾಪು_ಸ್ಯಾಕ್ಸ್:

ಎಲ್ರಿಗೂ ಉಪಕಾರ ಆಯ್ತು. ಓಪಿಜಿ ಹಿಡ್ಕೊಂಡು ಅಪ್ಪನನ್ನೂ ಕರ್ಕೊಂಡು ಒಂದು ಡೆಂಟಲ್ ಕಾಲೇಜಿಗೆ ಹೋಗಿ ಬಂದೆ. ಕೂತ ಕೂಡ್ಲೇ ಸ್ಯಾಕ್ಸೋಫೋನ್ ವಿಷಯ ಹೇಳಿದೆ, ಅಲ್ಲಿನ ಮೇಡಂ ಪೆನ್ ಕೆಳಗೆ ಇಟ್ಟು ಹೇಗೆ ಹಿಡಿಯುದು ತೋರ್ಸಿ ಅಂದ್ರು. ತೋರು ಬೆರಳನ್ನೇ ಮೌತ್‌ಪೀಸ್ ಮಾಡಿ ತೋರ್ಸಿದೆ, ತುಟಿಯ ಯಾವ ಜಾಗಕ್ಕೆ ರೀಡ್ ತಾಗುದು, ನಡುವಿಗಾ ಬದಿಗಾ ಅಂತ ಕೇಳಿ ಬರ್ಕೊಂಡ್ರು. ನಂಗೆ ಆಗಲೇ ಅರ್ಧ ಹೆದರಿಕೆ ಹೋಯ್ತು.

ಬಲಗಡೆ ಹಲ್ಲು ಏಳನೆಯದ್ದಕ್ಕೆ ಒರಗಿದೆ, ಅಲ್ಲಿ ಹುಳುಕು ಸುರು ಆಗುವ ಹಾಗೆ ಒಂದು ಮಸುಕು ಕಾಣ್ತದೆ, ಊದಿದ್ದೂ ಅಲ್ಲೇ, ಅದನ್ನು ತೆಗೆಸುದು ಒಳ್ಳೇದು ಅಂದ್ರು, ನಂಗೂ ಹಾಗೇ ಅನ್ನಿಸ್ತು. ಬಿಳಿ ಗೆರೆ ಒಂದು ಕಡೆ ತುಂಡಾದ ಹಾಗೆ ಕಾಣ್ತದೆ ಅಂತ ಸಿಬಿಸಿಟಿ ಬರೆದಿದ್ದಾರೆ, ಅದು ನೋಡಿ ಪೂರ್ತಿ ತೆಗೆಯುದಾ ಬೇರು ಬಿಡುದಾ ಅಂತ ಇನ್ನೊಮ್ಮೆ ಕೂತು ಮಾತಾಡುವ ಅಂದ್ರು. ಎಡಗಡೆಯದ್ದು ಮೂಳೆಯ ಒಳಗೆ ಉಂಟು, ಸದ್ಯ ಬಿಡುದು, ಎಕ್ಸ್‌ರೇ ನೋಡ್ತಾ ಇರುದು. ಮೇಲಿನ ಎರಡನ್ನು ತೆಗೀಲಿಕ್ಕೆ ಕಾರಣವೇ ಇಲ್ಲ ಅಂದ್ರು, ಬಲಗಡೆ ಮೇಲಿನದ್ದಕ್ಕೆ ಮುಂದೆ ಕೆಳಗಿನ ಜೊತೆ ಇಲ್ಲದೆ ಇಳಿದು ಬಂದು ಒಸಡಿಗೆ ಕಚ್ಚಿದ್ರೆ ಆಗ ನೋಡುವ ಅಂತ.

ಅಪ್ಪ ಅಲ್ಲಿ ಮೇಡಂ ಹತ್ರ ಕೇಳಿದ ಪ್ರಶ್ನೆ ನನ್ನದಕ್ಕಿಂತ ಜಾಸ್ತಿ. ಈಗ ಪತ್ತನಾಜೆ ಕಳೆದು ನೇಮ, ಜಾತ್ರೆ ನಿಂತ ಮೇಲೆ ಅಂತ ಮಾಡಿದ್ದೇವೆ, ಮತ್ತೆ ದೀಪಾವಳಿವರೆಗೆ ಪ್ರೋಗ್ರಾಂ ಕಡಿಮೆ. ಡಾಕ್ಟ್ರೇ, ಒಂದು ಉಳಿದಿದೆ, ಕೆಳಗಿನ ಹಲ್ಲು ತೆಗೆದ ಮೇಲೆ ಮೌತ್‌ಪೀಸ್ ಹಿಡೀಲಿಕ್ಕೆ ಎಷ್ಟು ಸಮಯ ಬೇಕು?

ದವಡೆ_ಡಾಕ್ಟರ್ (ಮಂಗಳೂರು):

ಹೊಲಿಗೆ ಸಾಮಾನ್ಯ ಒಂದು ವಾರಕ್ಕೆ ಬಿಚ್ಚುದು, ಅಲ್ಲಿವರೆಗೆ ವಾದ್ಯ ಮುಟ್ಬೇಡಿ. ಆಮೇಲೆ ಬಾಯಿ ಎಷ್ಟು ತೆರೀತದೆ, ಗಾಯ ಎಷ್ಟು ಮುಚ್ಚಿದೆ ಅಂತ ಮೇಡಂ ನೋಡಿ ಹೇಳ್ಬೇಕು. ಸುರು ಮಾಡುವಾಗ ಬರೇ ಉದ್ದ ಸ್ವರ, ಕೆಲವೇ ನಿಮಿಷ, ದವಡೆ ನೋವಾದ್ರೆ ನಿಲ್ಲಿಸಿ. ಸ್ಕ್ಯಾನ್ ಬಂದ ಮೇಲೆ ಎಂತ ಹೇಳಿದ್ರು ಅಂತ ಇಲ್ಲಿ ಬರೀರಿ, ಇದೇ ಸಂಶಯ ಇರುವವರು ತುಂಬಾ ಜನ ಓದ್ತಾರೆ.

ಬಿಜೈ_ಅಕ್ಕ:

ಮತ್ತೆ ಮನೆಗೆ ಕೊಡುವ ಚೀಟಿ ಕನ್ನಡದಲ್ಲಿ ಉಂಟಾ ಅಂತ ಈಗಲೇ ಕೇಳಿ ತಮ್ಮಾ, ಇಲ್ಲದಿದ್ರೆ ಅಮ್ಮನ ಫೋನಲ್ಲಿ ಡಾಕ್ಟ್ರು ಹೇಳುದನ್ನು ರೆಕಾರ್ಡ್ ಮಾಡ್ಕೊಳ್ಳಿಕ್ಕೆ ಆಗ್ತದಾ ಅಂತ ಅವರನ್ನೇ ಕೇಳಿ ಮಾಡ್ಕೊಳ್ಳಿ.